ಪಡುವಣ ಗಾಳಿ

ಮಾಮಲ್ಲಪುರದಾಚೆ ರಸ್ತೆಯ ನಡುವೆ ರೇಸಿನ ತಿರುವಿಗೆಂದು ಇಟ್ಟಿದ್ದ ಪೀಪಾಯಿಯನ್ನು ಸುತ್ತಿ ಚೆನ್ನೈ ಕಡೆಗೆ ಮುಖ ತಿರುಗಿಸುವ ಹೊತ್ತಿಗಾದರೂ ಕಡಲ ಗಾಳಿ ಬರಬೇಕಿತ್ತು. ಬಲಗಡೆ, ಸರ್ವೆ ತೋಪಿನ ಆಚೆ, ಕಡಲೇನೋ ಇತ್ತು. ಕಾಯಿಸಿದ ತಗಡಿನ ಹಾಗೆ ಬೆಳ್ಳಗೆ ಹೊಳೆಯುತ್ತ ಬಿದ್ದುಕೊಂಡಿತ್ತು. ಅಲ್ಲಿಂದ ಒಂದು ಉಸಿರೂ ಬರುತ್ತಿರಲಿಲ್ಲ. ಬರುತ್ತಿದ್ದುದು ಎಡಗಡೆಯಿಂದ, ಒಣಗಿದ ಕೆರೆಗಳ ಮೇಲಿಂದ, ಒಲೆಯ ಬಾಯಿ ತೆರೆದಂತೆ ಕಿವಿಗೂ ಮೊಣಕಾಲಿಗೂ ಬಡಿಯುವ ಪಡುವಣ ಗಾಳಿ. ಅಂದಾನಿ ತಲೆ ಬಗ್ಗಿಸಿ ಮುಂದಿನವನ ಹಿಂಚಕ್ರವನ್ನೇ ನೋಡುತ್ತ ತುಳಿದ. ತುಳಿಯುವುದು ಅವನಿಗೆ ಕಷ್ಟವಿರಲಿಲ್ಲ. ಹನ್ನೊಂದು ವರ್ಷದಿಂದ ಟೈರು ಕಂಪನಿಯ ಸೈಕಲ್ ತಂಡದಲ್ಲಿ ತುಳಿಯುವುದಕ್ಕೇ ಸಂಬಳ ತೆಗೆದುಕೊಂಡವನು. ಕಷ್ಟವಾಗುತ್ತಿದ್ದುದು ಬೆನ್ನ ಹಿಂದಿನಿಂದ ಮತ್ತೆ ಮತ್ತೆ ಬರುತ್ತಿದ್ದ ಒಂದು ದನಿ.

“ಅಣ್ಣಾ, ಕಾತ್ತು ಎಪ್ಪೋ ವರುಂ?”

ಗಾಳಿ ಯಾವಾಗ ಬರುತ್ತೆ ಅಂತ ನಿಶಾಂತ್ ಕೇಳುತ್ತಿದ್ದ. ತಂಡದ ಲೀಡರ್ ಅವನು. ಮೈಸೂರಿನಿಂದ ಬಂದವರ ಮಗ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಬೆಳೆದರೂ ಬಾಯಿ ತೆರೆದರೆ ತಮಿಳು.

“ಬತ್ತದೆ ಕಣ್ಲಾ. ಕೋವಳಂ ಬರ್ಲಿ. ಮೊದ್ಲು ನೀರ್ ಕುಡಿ.”

ಅಂದಾನಿ ಬೆನ್ನಿನ ಜೇಬಿನಿಂದ ಒಂದು ಬಾಟಲಿ ಎಳೆದು ಹಿಂದಕ್ಕೆ ಚಾಚಿದ. ಅದು ಅವನ ಕೆಲಸ. ತಂಡದ ಕಾರಿನ ಹತ್ತಿರ ಹಿಂದಕ್ಕೆ ಸರಿದು, ಅಂಗಿಯ ಜೇಬಿನಲ್ಲಿ, ಎದೆಯೊಳಗೆ ಬಾಟಲಿ ತುರುಕಿಕೊಂಡು, ಬಸುರಿ ಹೆಂಗಸಿನ ಹಾಗೆ ಉಬ್ಬಿಕೊಂಡು ಮತ್ತೆ ಗುಂಪಿನ ಮುಂದಕ್ಕೆ ತುಳಿಯುವುದು, ಹಂಚುವುದು, ಲೀಡರ್‌ಗೆ ಗಾಳಿ ತಾಗದಂತೆ ಮುಂದೆ ಇರುವುದು, ಸುಸ್ತಾದಾಗ ಬಿಟ್ಟುಹೋಗುವುದು. ಲೀಡರ್ ರೇಸಿನಿಂದ ಇಳಿದರೆ ಉಳಿದವರೂ ಇಳಿದು ವ್ಯಾನು ಹತ್ತಬೇಕೆನ್ನುವುದು ಕಂಪನಿಯ ವಾಡಿಕೆ. ನಲವತ್ತನೆಯವನಾಗಿಯೋ ಐವತ್ತನೆಯವನಾಗಿಯೋ ಕಂಪನಿಯ ಹೆಸರು ಪೇಪರಿನಲ್ಲಿ ಬರುವುದು ಬೇಡವೆಂದು ಹಿಂದೆ ಯಾವ ಮ್ಯಾನೇಜರೋ ಮಾಡಿದ್ದು. ಹಾಗಾಗಿ ಅಂದಾನಿ ಎಷ್ಟೋ ರೇಸುಗಳಿಗೆ ಹೋಗಿದ್ದ, ತುಳಿದಿದ್ದ, ಆದರೆ ಮುಗಿಸಿದ್ದು ಬೆರಳೆಣಿಕೆಯಷ್ಟು. ಮದ್ದೂರಿನ ಹತ್ತಿರದ ಹಳ್ಳಿಯಿಂದ ಅವ್ವ ಚಿಕ್ಕತಾಯಮ್ಮ ಭಾನುವಾರದ ಫೋನಿನಲ್ಲಿ ಎಷ್ಟನೆಯವನಾಗಿ ಬಂದೆ ಮಗ ಅನ್ನುತ್ತಿದ್ದಳು. ನಮ್ಮೋರು ಗೆದ್ರು ಕಣವ್ವ ಅನ್ನುತ್ತಿದ್ದ. ಅದಲ್ಲ ನೀನು, ಅನ್ನುತ್ತಿದ್ದಳು. ಲೈನು ಸರಿಯಿಲ್ಲ, ಕೇಳುಸ್ತಾ ಇಲ್ಲ ಅಂದು ಬೂತಿನವನ ಎದುರು ನಾಚಿಕೊಂಡು ಫೋನು ಇಡುತ್ತಿದ್ದ.

ಈ ಸಲದ ಲೆಕ್ಕವೆಲ್ಲ ಕಡಲ ಗಾಳಿಯ ಮೇಲೆ ನಿಂತಿತ್ತು. ಬೆಳಿಗ್ಗೆ ತೆಂಕಣಕ್ಕೆ ಹೋಗುವಾಗ ಗುಂಪಿನ ನಡುವೆ ಅಡಗಿಕೊಂಡಿರುವುದು. ತಿರುಗಿ ಬರುವಾಗ ಬಲಗಡೆಯಿಂದ ಗಾಳಿ ಹೊಡೆದ ಕೂಡಲೇ ನಾಲ್ವರೂ ಮುಂದಕ್ಕೆ ನುಗ್ಗಿ, ರಸ್ತೆಯ ನಡುಗೆರೆಯಿಂದ ಎಡ ಅಂಚಿನವರೆಗೆ ಓರೆಯಾಗಿ ಹರಡಿಕೊಳ್ಳುವುದು. ಒಬ್ಬನ ಮರೆಯಲ್ಲಿ ಒಬ್ಬ. ಎಡ ಅಂಚಿಗೆ ಬಂದಮೇಲೆ ಹಿಂದಿನವರಿಗೆ ಮರೆಯೇ ಇರುವುದಿಲ್ಲ. ಬೆತ್ತಲೆ ಗಾಳಿಯಲ್ಲಿ ದಾರದಂತೆ ಉದ್ದವಾಗಿ ಎಳೆದು ಪಟಪಟನೆ ಹರಿದುಹೋಗುತ್ತಾರೆ. ತಿಂಗಳುಗಟ್ಟಲೆ ಎಡಕ್ಕೆ ಹರಡುವುದನ್ನೇ ಅಭ್ಯಾಸ ಮಾಡಿದ್ದರು. ಬೆಳಿಗ್ಗೆ ಶುರುವಿನಲ್ಲೇ ರೈಲ್ವೆ ತಂಡದ ಇಬ್ಬರು ತಪ್ಪಿಸಿಕೊಂಡು ಮುಂದೆ ಓಡಿದಾಗ ಮ್ಯಾನೇಜರ್ ಗುರುಚರಣ ಕಾರಿನ ಕಿಟಕಿಯಿಂದ ಕೈಬೀಸಿ, “ಹೋಗ್ಲಿ ಬಿಡಪ್ಪಾ, ಗಾಳಿ ಬಂದು ಅವರನ್ನ ಹಿಡಿದು ನಮಗೆ ಕೊಡತ್ತೆ,” ಅಂದಿದ್ದರು. ಅವರು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಮನೆಯವರು. ಈ ಊರಿನಲ್ಲಿ ಮೇ ತಿಂಗಳ ಮಧ್ಯಾಹ್ನವನ್ನು ಜನ ತಡೆದುಕೊಳ್ಳುವುದೇ ಸ್ವಲ್ಪ ಹೊತ್ತಿಗೆ ಕಡಲ ಗಾಳಿ ಬರುತ್ತದೆಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನೇ ಅವರು ರೇಸಿನ ಲೆಕ್ಕ ಮಾಡಿದ್ದರು.

ಆದರೆ ಮಾತು ಕೊಟ್ಟವನು ಅಂದಾನಿ. ಅದನ್ನು ನೆನೆದಾಗಲೆಲ್ಲ ಬಿಸಿಲಿಗಿಂತ ಬೇರೆಯ ಉರಿಯೊಂದು ಕತ್ತಿಗೆ ಏರುತ್ತಿತ್ತು. ಏಪ್ರಿಲ್‌ನಲ್ಲಿ ಕಂಪನಿಯ ಕ್ಯಾಂಟೀನಿನಲ್ಲಿ ಎಲ್ಲರೂ ಕೂತಿದ್ದಾಗ ಗುರುಚರಣ ಇದ್ದಕ್ಕಿದ್ದಂತೆ ಇವನ ಕಡೆ ತಿರುಗಿ, “ಅಂದಾನಿ, ಆ ರೋಡಲ್ಲಿ ನೀನೇ ಹಳಬ. ಗಾಳಿ ಎಷ್ಟೊತ್ತಿಗೆ ಬರತ್ತಪ್ಪಾ?” ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನನ್ನು ಏನನ್ನಾದರೂ ಕೇಳಿದ್ದು. ಹಿಂದೊಂದು ಸಲ ಅದೇ ಕ್ಯಾಂಟೀನಿನಲ್ಲಿ ತಾನೇ ಬಾಯಿ ಹಾಕಿದಾಗ, ಬಾಟಲಿಯನ್ನು ಪಾಟಲ್ ಎನ್ನುವ ಅವರು “ನೀ ಪಾಟಲ್ ಹೊರೋನು, ಪಾಟಲ್ ಹೊರು” ಅಂದಿದ್ದರು, ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಈಗ ಕೇಳಿದಾಗ ಹಿಗ್ಗಿಹೋದ. “ಹನ್ನೊಂದರೊಳಗೆ ಬಂದೇ ಬತ್ತದೆ ಸಾ. ಬರ್ನಿಲ್ಲ ಅಂದ್ರೆ ನನ್ನ ಮೀಸೆ ಬೋಳ್ಸಿ,” ಅಂದುಬಿಟ್ಟ. ನಿಶಾಂತ್ ಕಣ್ಣರಳಿಸಿ ಅವನನ್ನು ನೋಡಿದ. ಆ ನೋಟವನ್ನು ಎಷ್ಟು ದಿನ ಚಪ್ಪರಿಸಿದ್ದನೋ. ಇವತ್ತು ಬೆಳಗಿನ ಜಾವ ರೇಸಿಗೆ ಹೊರಟು ತಾಂಬರಂ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಸೈಕಲ್ ಹಿಡಿದು ನಿಂತಾಗ, ಬೆಳಕು ಹರಿಯುವ ಮುಂಚೆಯೇ, ಎಡಗೆನ್ನೆಗೆ ಬಿಸಿ ಗಾಳಿ ತಾಗಿತು. ಪಡುವಲಿಂದ. ಆ ಹೊತ್ತಿಗೇ ಅಷ್ಟು ಬಿಸಿ. ಪಡುವಣ ಗಾಳಿ ಹೀಗೆ ಬಲವಾಗಿ ನಿಂತರೆ ಕಡಲ ಗಾಳಿಯನ್ನು ಒಳಕ್ಕೆ ಬಿಡುವುದಿಲ್ಲವೇನೋ ಅಂತ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ಎದ್ದಿತು. ಹೇಳಬಹುದಿತ್ತು. ಹೇಳಿದ್ದರೆ ಮತ್ತೆ ಬಾಟಲಿಯವನಾಗುತ್ತಿದ್ದ. ಕೇಳಲ್ಪಟ್ಟವನಾಗಿ ಇನ್ನೊಂದು ಬೆಳಿಗ್ಗೆ ಇರಬೇಕೆನ್ನಿಸಿತು. ಬಾಯಿ ಮುಚ್ಚಿಕೊಂಡು ರೈಲು ಹತ್ತಿದ.

ಸಾಲದ್ದಕ್ಕೆ ಹಸಿರು ನಿಶಾನೆ ಬೀಸಬೇಕಾದ ಮುಖ್ಯ ಅತಿಥಿಗಳು ತಡವಾಗಿ ಬಂದರು. ತಂಪು ಹೊತ್ತಿನಲ್ಲಿ ಮುಗಿಯಬೇಕಿದ್ದ ಅರ್ಧ ರೇಸು ತಮಿಳರು ಕತ್ತರಿ ಎನ್ನುವ ಸುಡುದಿನಗಳ ನೆತ್ತಿಯ ಬಿಸಿಲಿಗೆ ಬಂದು ನಿಂತಿತು. ಡಾಂಬರು ಮೆತ್ತಗಾಗಿ ಟೈರಿಗೆ ಅಂಟುತ್ತಿತ್ತು. ಹೋಗುವಾಗಲೇ ಬೇರೆ ತಂಡಗಳ ಹುಡುಗರು ಒಬ್ಬೊಬ್ಬರಾಗಿ ಹುಣಸೆ ಮರದ ನೆರಳಿಗೆ ಸೈಕಲ್ ಒರಗಿಸಿ ಕೂತುಬಿಟ್ಟಿದ್ದರು. ತಿರುವಿನ ನಂತರ ಗುಂಪು ಅನ್ನುವುದೇ ಉಳಿದಿರಲಿಲ್ಲ. ಪಡುವಣ ಗಾಳಿಗೆ ಬಲಕ್ಕೆ ಹರಡಿಕೊಳ್ಳಬೇಕು. ಎಡಕ್ಕೆ ಕಲಿತ ಮೈ ಬಲಕ್ಕೆ ಬರುವುದಿಲ್ಲ. ಒಬ್ಬನ ಚಕ್ರ ಇನ್ನೊಬ್ಬನಿಗೆ ತಾಗಿ ತಂಡದ ಇಬ್ಬರು ಆಗಲೇ ಒಂದು ಸಲ ಬಿದ್ದು ಎದ್ದಿದ್ದರು.

“ಅಣ್ಣಾ, ಕಾತ್ತು...”

“ಬತ್ತದೆ ಅಂದ್ನಲ್ಲ!” ಅಂದಾನಿ ರೇಗಿದ. ರೇಗಿದ್ದಕ್ಕೆ ತನಗೇ ನಾಚಿಕೆಯಾಗಿ ಪಕ್ಕಕ್ಕೆ ಸರಿದು, ಹುಡುಗನ ಬೆನ್ನಿಗೆ ಅಂಗೈ ಕೊಟ್ಟು ಮುಂದಕ್ಕೆ ದೂಡಿದ. ಅಂಗಿ ಒಣಗಿತ್ತು. ಒದ್ದೆಯಾಗಿರಬೇಕಾದ ಬೆನ್ನು ಬೆಚ್ಚಗೆ, ಅಡಿಗೆಮನೆಯ ಒಲೆಯ ಹಿಂದಿನ ಗೋಡೆಯ ಹಾಗೆ ಇತ್ತು. ಬೆವರು ನಿಂತುಹೋಗಿದೆ. ಅದು ಬಿಸಿಲು ಬಡಿದ ಗುರುತೆಂದು ಅಂದಾನಿಗೆ ಗೊತ್ತಿತ್ತು, ಗೊತ್ತಿದ್ದೂ ಅವನ ಬಾಯಿಂದ ಬಂದದ್ದು, “ಇನ್ನೊಂಚೂರು, ಕೋವಳಂ ಕಾಣುಸ್ತಾ ಅದೆ.” ನಿಶಾಂತ್ ತಲೆಯಾಡಿಸಿದ, ನಕ್ಕ, ನಗುತ್ತಲೇ ಸೈಕಲ್ಲನ್ನು ರಸ್ತೆಯಿಂದ ಮರಳಿನ ಕಡೆಗೆ ತಿರುಗಿಸಿ, ಅಲ್ಲಿ ಯಾರೋ ಹಾಸಿಗೆ ಹಾಸಿಟ್ಟಿರುವ ಹಾಗೆ ನಿಧಾನವಾಗಿ ಮಲಗಿಕೊಂಡ.

ಅಂದಾನಿ ಸೈಕಲ್ ಎಸೆದು ಓಡಿದ. ಜೇಬಿನಲ್ಲಿದ್ದ ಬಾಟಲಿಗಳನ್ನೆಲ್ಲ ಒಂದೊಂದಾಗಿ ಬಾಯಲ್ಲಿ ಕಚ್ಚಿ ತೆರೆದು ಹುಡುಗನ ತಲೆಗೆ, ಕತ್ತಿಗೆ, ಕಂಕುಳಿಗೆ ಸುರಿದ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ತಂಡದ ವ್ಯಾನು ಬಂತು, ಹಿಂದೆಯೇ ಕಾರು. ಗುರುಚರಣ ಇಳಿದು ಬಂದು ಒದ್ದೆ ಟವೆಲು ಸುತ್ತಿದರು, ಎಲ್ಲರೂ ಸೇರಿ ಹುಡುಗನನ್ನು ವ್ಯಾನಿನ ಸೀಟಿನ ಮೇಲೆ ಮಲಗಿಸಿದರು. ಒಂದು ಸಲ ವಾಂತಿ ಮಾಡಿದ, ‘ಅಮ್ಮಾ’ ಅಂದ. ಮಾತು ಬಂತಲ್ಲ ಎಂದುಕೊಂಡ ಅಂದಾನಿ. ಕಂಪನಿಯ ಕೆಲಸಗಾರರನ್ನು ನೋಡಿಕೊಳ್ಳುವ ಆಸ್ಪತ್ರೆ ಪೋರೂರಿನಲ್ಲಿತ್ತು. ಅಲ್ಲಿಗೆ ಫೋನು ಮಾಡಿದ್ದಾಯಿತು. ಉಳಿದಿಬ್ಬರು ಹುಡುಗರು ಯಾರೂ ಹೇಳುವ ಮುಂಚೆಯೇ ಸೈಕಲ್ಲುಗಳನ್ನು ಮೇಲೆ ಕಟ್ಟಿ ಒಳಗೆ ಕೂತರು.

“ಏನು ನಿಂತುಬಿಟ್ಟೆ? ಸೈಕಲ್ ಮೇಲೆ ಹಾಕು, ಏರು. ಸೀಕ್ರಂ,” ಎಂದರು ಗುರುಚರಣ.

ವ್ಯಾನಿನ ಬಾಗಿಲಿಂದ ತಂಪು ಗಾಳಿ ಮುಖಕ್ಕೆ ಬಂತು. ಒಳಗೆ ಒಂದು ಸೀಟು ಖಾಲಿಯಿತ್ತು. ಅಲ್ಲಿ ಕೂತರೆ ಏನಾಗುತ್ತದೆಂದು ಅಂದಾನಿಗೆ ಕಣ್ಣಿಗೆ ಕಟ್ಟಿತು: ಯಾರೂ ಬೈಯುವುದಿಲ್ಲ. ಒಬ್ಬ ನೀರು ಕೊಡುತ್ತಾನೆ, ಇನ್ನೊಬ್ಬ ಬಿಡಣ್ಣಾ ನೀನೇನು ಮಾಡ್ತೀಯ ಅನ್ನುತ್ತಾನೆ. ಗುರುಚರಣ ಕನ್ನಡಿಯಲ್ಲಿ ಒಂದು ಸಲ ನೋಡಿ ಕಣ್ಣು ತೆಗೆಯುತ್ತಾರೆ. ನಾಳೆಯಿಂದ ಅವನು ‘ಗಾಳಿ ಬರುತ್ತೆ ಅಂದ ಅಂದಾನಿ’. ಹತ್ತಿದರೆ ತಲೆ ತಗ್ಗಿಸಿ ಒಪ್ಪಿಕೊಂಡಂತೆ. ಹತ್ತದಿದ್ದರೆ ಹುಡುಗನ ಮುಖ ತಪ್ಪಿಸಿ ಓಡಿಹೋದಂತೆ. ಎರಡರಲ್ಲೂ ಮರ್ಯಾದೆ ಇರಲಿಲ್ಲ. ಹಾಗಿದ್ದಮೇಲೆ, ಅನ್ನಿಸಿತು ಅವನಿಗೆ, ತಪ್ಪು ನನ್ನದು ಅನ್ನುವುದಾದರೆ ಈ ರೇಸೂ ನನ್ನದೇ. ಅಷ್ಟೊಂದು ದೊಡ್ಡ ತಪ್ಪು ಮಾಡಬಲ್ಲವನು ಬರೀ ಬಾಟಲಿಯವನು ಹೇಗಾದಾನು?

“ನಾನ್ ಬರಕ್ಕಿಲ್ಲ ಸಾ. ಮುಗುಸ್ತೀನಿ.”

“ಏನು?”

“ರೇಸು. ಮುಗಿಸ್ಕಂಡು ಸೀದಾ ಆಸ್ಪತ್ರೆಗೆ ಬತ್ತೀನಿ.”

ಗುರುಚರಣ ಅವನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ಲೀಡರೇ ಮಲಕ್ಕೊಂಡಿದಾನೆ. ಯಾರಿಗಪ್ಪಾ ನೀ ಪಾಟಲ್ ಹೊರೋದು ಇನ್ನು?”

“ನಂಗೇ ಹೊತ್ಕತೀನಿ.”

“ಮಂಡೆ ಬಿಸಿಯಾಗಿದೆ ನಿನಗೆ. ನೋಡು, ಈಗ ಏರಲಿಲ್ಲ ಅಂದ್ರೆ ಸೋಮವಾರ ಗೇಟ್ ಹತ್ರ ಬರಬೇಡ. ವಿಳೆಯಾಟಲ್ಲ ಇದು.”

ಆಟವಲ್ಲ ಎಂಬುದು ಅಂದಾನಿಗೂ ಗೊತ್ತಿತ್ತು. ಅವನು ಸೈಕಲ್ ಎತ್ತಿದ, ಹ್ಯಾಂಡಲ್ ನೆಟ್ಟಗೆ ಮಾಡಿದ, ಮರಳು ತುಂಬಿದ ಚೈನನ್ನು ಒಂದು ಸುತ್ತು ತಿರುಗಿಸಿ ನೋಡಿದ. ವ್ಯಾನು ಹಾರನ್ನು ಒತ್ತುತ್ತ ಮುಂದೆ ಹೋಯಿತು. ಹಿಂದಿನ ಗಾಜಿನಲ್ಲಿ ನಿಶಾಂತನ ಬರಿ ಪಾದ ಕಂಡಿತು. ನಾಚಿಕೆಗೇಡಿ, ಅಂದುಕೊಂಡ ತನಗೆ ತಾನೇ. ಅಂದುಕೊಂಡೇ ಪೆಡಲಿಗೆ ಕಾಲಿಟ್ಟ.

ಒಬ್ಬನೇ ತುಳಿಯುವುದು ಹೇಗಿರುತ್ತದೆಂಬುದು ಮರೆತೇಹೋಗಿತ್ತು. ಮುಂದೆ ನೋಡಲು ಚಕ್ರವಿಲ್ಲ, ಹಿಂದೆ ಕೇಳಲು ದನಿಯಿಲ್ಲ, ಬೆನ್ನಿನ ಮೇಲೆ ಭಾರವಿಲ್ಲ. ಆದರೆ ಕುಡಿಯಲೂ ಇಲ್ಲ. ಇದ್ದ ನೀರೆಲ್ಲ ಹುಡುಗನ ಮೈಮೇಲೆ ಹೋಗಿತ್ತು. ನಾಲಗೆ ಹೆಂಚಿನ ಚೂರಿನ ಹಾಗೆ ಬಾಯಲ್ಲಿ ಅಲ್ಲಾಡುತ್ತಿತ್ತು. ಮುಟ್ಟುಕಾಡಿನ ಸೇತುವೆಯ ಮೇಲೆ ಎರಡೂ ಕಡೆ ಮರೆಯಿಲ್ಲ. ಪಡುವಣ ಗಾಳಿ ಸೈಕಲ್ಲನ್ನು ಎತ್ತಿ ಬಲಕ್ಕೆ ಎಸೆಯುವಂತೆ ದೂಡಿತು. ಬಾ, ಹೊಡಿ, ಅಂದ ಗಾಳಿಗೆ. ನಿನ್ನ ಮಾತಿನ ಮೇಲೆ ನಾನು ನಿಂತಿಲ್ಲ ಇವತ್ತು. ಎಡಕ್ಕೆ ಅಷ್ಟು ವಾಲಿ, ಗಾಳಿಗೇ ಹೆಗಲು ಕೊಟ್ಟು, ಎತ್ತಿನ ಗಾಡಿಯ ನಿಧಾನದಲ್ಲಿ ದಾಟಿದ. ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕಾಗ ತಾನೂ ಯಾಕೆ ನಕ್ಕೆ ಅನ್ನುವುದು ಈಗ, ಇಷ್ಟು ವರ್ಷದ ಮೇಲೆ, ಅರ್ಥವಾಗದೆ ಸಿಟ್ಟು ತಂದಿತು. ಆ ಸಿಟ್ಟು ಒಂದಷ್ಟು ದೂರಕ್ಕೆ ಕಾಲಿಗೆ ಬಂತು.

ಉತ್ತಂಡಿಯ ಹತ್ತಿರ ನೀರಿನ ಲಾರಿ ನಿಂತಿತ್ತು. ಕೆರೆಗಳೆಲ್ಲ ಬತ್ತಿ ಊರು ಲಾರಿ ನೀರಿನ ಮೇಲೆ ಬದುಕಿದ್ದ ವರ್ಷ. ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು ರಸ್ತೆಯವರೆಗೆ ಬಂದಿತ್ತು. ಸಾಲಿನ ಪಕ್ಕದಲ್ಲೇ, ಬೆಳಿಗ್ಗೆ ತಪ್ಪಿಸಿಕೊಂಡು ಓಡಿದ್ದ ರೈಲ್ವೆಯ ಇಬ್ಬರೂ ಲಾರಿಯ ನೆರಳಿನಲ್ಲಿ ಮಲಗಿದ್ದರು. ಹಿಡಿದುಕೊಡಬೇಕಾದ ಗಾಳಿ ಬಾರದೆಯೇ ಸಿಕ್ಕಿಬಿದ್ದಿದ್ದರು. ಅಂದಾನಿ ಬ್ರೇಕು ಹಿಡಿದ. ಬಾಯಿ ಬಿಟ್ಟು ಕೇಳಲು ಆಗದೆ ಕೊಡವನ್ನೇ ನೋಡುತ್ತ ನಿಂತ. ಹಸಿರು ಕೊಡದ ಹೆಂಗಸೊಬ್ಬಳು ಸೊಂಟದ ಮೇಲಿನ ನೀರನ್ನೂ ಇವನ ಮುಖವನ್ನೂ ಒಂದು ಗಳಿಗೆ ನೋಡಿದಳು. “ಪೈತ್ಯಮಾ ಉನಕ್ಕು? ಇಂದ ವೆಯ್ಯಿಲ್ಲೆ?” ಎಂದು, ಈ ಬಿಸಿಲಲ್ಲಿ ತುಳಿಯೋಕೆ ಹುಚ್ಚೇ ನಿನಗೆ ಅಂತ ಬೈಯುತ್ತಲೇ ಅವನ ಬಾಯಿಗೆ, ನೆತ್ತಿಗೆ ಸುರಿದಳು; ಬಾಟಲಿಯನ್ನೂ ಕಿತ್ತುಕೊಂಡು ತುಂಬಿಕೊಟ್ಟಳು. ಸುರಿದದ್ದು ಅವಳ ಮನೆಯ ಸಂಜೆಯ ನೀರೆಂದು ಗೊತ್ತಿದ್ದೂ ಅಂದಾನಿ ಒಂದು ಹನಿಗೂ ಬೇಡವೆನ್ನಲಿಲ್ಲ.

ಆಮೇಲೆ ಬಂದದ್ದು ಸ್ಕೂಟರು. ಹಿಂದೆ ಕೂತಿದ್ದವರು ಹರಿದಾಸರು, ರೇಸಿನ ತೀರ್ಪುಗಾರರಲ್ಲಿ ಹಿರಿಯರು; ಹಣೆಯ ಅಂಗಾರದ ಗೆರೆ ಬೆವರಿಗೆ ಇಳಿದು ಹುಬ್ಬಿನವರೆಗೆ ಬಂದಿತ್ತು. ಸೀಟಿ ಊದುತ್ತ ಪಕ್ಕಕ್ಕೆ ಬಂದರು.

“ನಿಲ್ಲಪ್ಪಾ, ನಿಲ್ಲು. ರೇಸ್ ಕ್ಯಾನ್ಸಲ್. ಎಲ್ಲಾರನ್ನೂ ಇಳಿಸ್ತಾ ಇದೀವಿ.”

“ಯಾಕೆ ಸಾ?”

“ಯಾಕೆ ಅಂತ ಕೇಳ್ತೀಯಲ್ಲೋ! ವೆಯ್ಯಿಲ್ ನೋಡಿದ್ಯಾ? ಆಂಬುಲೆನ್ಸ್ ಎರಡೂ ಫುಲ್.”

“ಗೆದ್ದೋರು ಯಾರು?”

“ಯಾರೂ ಇಲ್ಲ. ರಿಸಲ್ಟೇ ಇಲ್ಲ ಇವತ್ತು.”

“ಅಂಗಾರೆ ಸೋತೋರೂ ಯಾರೂ ಇಲ್ಲ,” ಎಂದ ಅಂದಾನಿ, ತುಳಿಯುತ್ತಲೇ.

ಹರಿದಾಸರಿಗೆ ನಗು ಬಂದಿರಬೇಕು, ಸೀಟಿ ಬಾಯಿಂದ ಜಾರಿತು. “ತಮಾಷೆ ಬೇಡಪ್ಪಾ. ನಂಬರ್ ಹಾಕ್ಕೊಂಡು ನೀ ಎಲ್ಲಾದರೂ ಬಿದ್ದೆ ಅಂತ ಇಟ್ಕೋ, ಅದು ನನ್ನ ತಲೆ ಮೇಲೆ.”

ಅಂದಾನಿ ಒಂದು ಕೈ ಹಿಂದಕ್ಕೆ ಹಾಕಿ, ಬೆನ್ನಿಗೆ ಚುಚ್ಚಿದ್ದ ನಂಬರಿನ ಬಟ್ಟೆಯನ್ನು ಪಿನ್ನುಗಳ ಸಮೇತ ಪರ್ರನೆ ಕಿತ್ತು, ಸ್ಕೂಟರಿನ ಮೇಲಿದ್ದವರ ಕೈಗೆ ಚಾಚಿದ. “ತಗಳಿ. ನಂಬರ್ ನಿಮ್ದು. ರೋಡು ಎಲ್ಲಾರ್ದು.”

ಸ್ಕೂಟರು ಹಿಂದೆ ಉಳಿಯಿತು. ನೀಲಾಂಕರೆ ದಾಟುವ ಹೊತ್ತಿಗೆ ಪೊಲೀಸರು ರಸ್ತೆ ತೆರೆದುಬಿಟ್ಟಿದ್ದರು. ಬಸ್ಸು, ಆಟೋ, ಮೀನಿನ ಟೆಂಪೋಗಳ ನಡುವೆ, ನಂಬರಿಲ್ಲದ ಹರಿದ ಅಂಗಿಯ ಒಬ್ಬ ಸೈಕಲ್ಲಿನವನು. ಯಾರಿಗೂ ಅವನು ಯಾಕೆ ಹೋಗುತ್ತಿದ್ದಾನೆಂದು ಗೊತ್ತಿರಲಿಲ್ಲ. ತೊಡೆಯ ನರ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಾಗ ಮುಷ್ಟಿಯಿಂದ ಗುದ್ದಿ ಗುದ್ದಿ ಬಿಡಿಸಿಕೊಂಡ. ತಿರುವಾನ್ಮಿಯೂರಿನಲ್ಲಿ, ರೇಸು ಮುಗಿಯುವ ಗೆರೆಗೆ ಕೂಗಳತೆಯಲ್ಲಿ, ಕೆಂಪು ದೀಪ ಬಿತ್ತು. ಬೇರೆ ಸೈಕಲ್ಲಿನವರು ನುಗ್ಗಿಹೋದರು. ಅಂದಾನಿ ಕಾಲು ಕೆಳಗಿಟ್ಟು ನಿಂತ. ಇಷ್ಟು ದೂರ ಬಂದಮೇಲೆ ಮೋಸ ಮಾಡಿ ಮುಗಿಸಿದ ಅಂತ ಯಾರೂ ಅನ್ನಕೂಡದು, ತಾನಂತೂ ಅನ್ನಕೂಡದು. ದೀಪ ಹಸಿರಾಯಿತು. ಗೆರೆಯ ಮೇಲೆ ಕಟ್ಟಿದ್ದ ಕಮಾನು ಬಿಚ್ಚಿ ಲಾರಿಗೆ ಏರಿಸಿದ್ದರು. ಸುಣ್ಣದ ಗೆರೆಯನ್ನು ಬಸ್ಸಿನ ಚಕ್ರಗಳು ಒರೆಸಿದ್ದವು. ಎಲ್ಲಿತ್ತೆಂದು ತಿಳಿಯದೆ, ಇಲ್ಲಿರಬಹುದು ಅನ್ನಿಸಿದ ಕಡೆಯಿಂದ ಇನ್ನೂ ಅಷ್ಟು ದೂರ, ಖಂಡಿತವಾಗಿ ದಾಟಿದೆ ಅನ್ನುವವರೆಗೆ ತುಳಿದ. ಅಲ್ಲೂ ಇಳಿಯಲಿಲ್ಲ. ಪೋರೂರಿನ ಕಡೆಗೆ ತಿರುಗಿದ.

ಆಸ್ಪತ್ರೆಯ ವಾರ್ಡಿನಲ್ಲಿ ನಿಶಾಂತ್ ದಿಂಬಿಗೆ ಒರಗಿ ಕೂತಿದ್ದ. ಕೈಗೆ ಗ್ಲೂಕೋಸು ಏರುತ್ತಿತ್ತು. ಡಾಕ್ಟರು ಭಯವಿಲ್ಲ ಅಂದಿದ್ದರಂತೆ, ಎರಡು ದಿನ ಇರಬೇಕಂತೆ. ಬಾಗಿಲಲ್ಲಿದ್ದ ಆಯಾ ಹೇಳಿದಳು. ಮಂಚದ ಪಕ್ಕದಲ್ಲಿ ಹುಡುಗನ ತಾಯಿ ನೀರಜಾ. ಅಂದಾನಿಯನ್ನು ಕಂಡು ಎದ್ದು ನಿಂತರು.

“ನಿಮ್ಮನ್ನ ನಂಬಿ ಕಳಿಸಿದ್ದೆ ಅಂದಾನಿಯವರೇ. ನಮ್ಮಣ್ಣ ಇದಾರೆ, ಅವರಿಗೆ ಎಲ್ಲಾ ಗೊತ್ತು ಅಂತಿದ್ದ ಇವನು.”

“ಗೊತ್ತಿರ್ನಿಲ್ಲ ಕಣಮ್ಮ. ಬೆಳಿಗ್ಗೆನೇ ಅನುಮಾನ ಬಂದಿತ್ತು. ಬಾಯಿ ಬಿಡ್ನಿಲ್ಲ. ನೀವು ಏನ್ ಬೈಯ್ಬೇಕೋ ಬಯ್ರಿ, ನಿಂತ್ಕತೀನಿ.”

ನೀರಜಾ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದರು. ನಿಶಾಂತ್ ಇವನ ಒಣಗಿದ ತುಟಿಯನ್ನೂ ಬೆನ್ನ ಮೇಲೆ ಹರಿದ ಅಂಗಿಯನ್ನೂ ನೋಡಿದ. “ಯಾರಣ್ಣಾ ವಿನ್ನರ್?”

“ಯಾರೂ ಇಲ್ಲ. ರೇಸ್ ನಿಲ್ಲಿಸ್ಬುಟ್ರು.”

“ನೀಂಗ?”

“ನಾನ್ ನಿಲ್ಲಿಸ್ನಿಲ್ಲ.”

“ಲೂಸು,” ಅಂದ ನಿಶಾಂತ್, ತುಟಿಯ ತುದಿಯಲ್ಲಿ.

ಔಷಧಿಯ ಚೀಲ ಹಿಡಿದು ಬಾಗಿಲಿಗೆ ಬಂದ ಗುರುಚರಣ ಅಲ್ಲೇ ನಿಂತರು. “ನಿನಗೆ ನಾ ಏನು ಹೇಳಿದ್ದೆ ಅಂದಾನಿ?”

“ಸೋಮವಾರ ಬರಬೇಡ ಅಂದ್ರಿ. ಬತ್ತೀನಿ ಸಾ. ಕಳಿಸ್ಬೇಕು ಅಂದ್ರೆ ಕಾಗದ ಕೊಟ್ಟು ಕಳಿಸಿ. ಯಾಕೆ ಅಂತ ಅದ್ರಲ್ಲಿ ಬರೀರಿ. ಗಾಳಿ ವಿಷ್ಯ ತಪ್ಪು ಹೇಳ್ದ ಅಂತ ಬರೀರಿ, ನಾನೇ ಸೈನ್ ಹಾಕ್ತೀನಿ. ಅದಕ್ಕಲ್ಲ ಅನ್ನೋದಾದ್ರೆ, ರೇಸು ಮುಗಿಸಿದ್ದಕ್ಕೆ ಕೆಲಸದಿಂದ ತೆಗೆದಿದೀವಿ ಅಂತ ಬರೀರಿ. ನೀವ್ ಸೈನ್ ಹಾಕಿ.”

ಗುರುಚರಣ ಔಷಧಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಅಂದಾನಿಯ ಎಡಗಾಲು ಇದ್ದಕ್ಕಿದ್ದಂತೆ ಸೆಟೆದುಕೊಂಡಿತು. ಮಂಚದ ಕಂಬಿಯನ್ನು ಹಿಡಿದುಕೊಂಡ. ನಿಶಾಂತ್ ಸೂಜಿ ಚುಚ್ಚಿದ ಕೈಯನ್ನು ಜೋಪಾನ ಮಾಡುತ್ತ, ಎರಡೂ ಕಾಲನ್ನು ಮಡಚಿಕೊಂಡು ಮಂಚದ ತುದಿಯಲ್ಲಿ ಜಾಗ ಮಾಡಿದ. ಬಿಳಿ ಹಾಸಿಗೆಯ ಮೇಲೆ ಒಬ್ಬರು ಕೂರುವಷ್ಟು ಜಾಗ. ಅಂದಾನಿ ಕೂರಲಿಲ್ಲ. ಮೀನಖಂಡ ಕಲ್ಲಾಗಿ ಕಣ್ಣಲ್ಲಿ ನೀರು ಬರುತ್ತಿದ್ದರೂ ಕಂಬಿ ಹಿಡಿದು ನೆಟ್ಟಗೆ ನಿಂತೇ ಇದ್ದ. ಗುರುಚರಣ ಇನ್ನೂ ಬಾಗಿಲಲ್ಲೇ ಇದ್ದರು, ಅವರು ಹೋಗುವವರೆಗೆ ಕೂರುವ ಪ್ರಶ್ನೆಯೇ ಇರಲಿಲ್ಲ.